ಗೇಟಿನ ಒಳಗಿರುವ ಜಿರಾಫೆ

ರೀ,

ಈ ಊರಿಗೆ ಬಂದಿಳಿದ ದಿನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, "ಬೇಸಿಗೆ ಬರ್ಲಿ ಪುಟ್ಟಿ, ಅಪ್ಪ ನಿಂಗೆ ಜಿರಾಫೆ ತೋರಿಸ್ತೀನಿ" ಅಂದಿದ್ದಿರಿ. ಆಮೇಲೆ ಎಷ್ಟು ಬೇಸಿಗೆ ಬಂದು ಹೋದವು! ಪ್ರತಿ ಸಲವೂ ಮೃಗಾಲಯದ ಗೇಟಿನವರೆಗೆ ಹೋಗಿ ನಿಮ್ಮ ಪ್ರಾಣಸ್ನೇಹಿತರ ಸಂಸಾರಕ್ಕಾಗಿ ಕಾಯುತ್ತೇವೆ. "ಬಂದೇಬಿಟ್ವಿ ಗುರೂ, ಇಲ್ಲೇ ತಿರುವಿನಲ್ಲಿದ್ದೀವಿ" ಅನ್ನುವ ಆ ಮಹಾಶಯರು ಆಗಿನ್ನೂ ಸ್ನಾನಕ್ಕೆ ಇಳಿದಿರುತ್ತಾರೆ. ಅವರು ಬರುವಷ್ಟರಲ್ಲಿ ಟಿಕೆಟ್ ಕೊಡುವುದು ನಿಂತಿರುತ್ತದೆ. ಗೇಟಿನ ಮುಂದೆ ಹಲ್ಲು ಕಿರಿದು ಫೋಟೊ ತೆಗೆಸಿಕೊಂಡು ವಾಪಸ್ಸು. ಪರದೇಶದಲ್ಲಿ ನಮ್ಮವರು ಅಂತ ಇರೋದೇ ಅವರು, ಬಿಟ್ಟು ಒಳಗೆ ಹೋದರೆ ಬೇಜಾರು ಮಾಡ್ಕೋತಾರೆ ಅಂತೀರಿ. ಮಗಳ ಬೇಜಾರಿಗೆ ಮಾತ್ರ ಐಸ್‌ಕ್ರೀಮ್ ಸಾಕು, ಅಲ್ಲವೇ?

ನಿನ್ನೆ ಅವಳು ಪಕ್ಕದ ಮನೆ ಹುಡುಗಿಗೆ, "ನಾನು ಜಿರಾಫೆ ನೋಡಿದೀನಿ, ನಮ್ಮಪ್ಪನೇ ತೋರಿಸಿದ್ರು" ಅನ್ನುತ್ತಿದ್ದಳು. ನಿಮ್ಮ ಮರ್ಯಾದೆ ಉಳಿಸಲು ಮಗು ಸುಳ್ಳು ಕಲಿತಿದೆ.

ಆಸ್ಪತ್ರೆಯ ಪಾಳಿ ಮುಗಿಸಿ ಈಗ ಬಂದೆ, ಕಾಲು ನನ್ನ ಮಾತು ಕೇಳುತ್ತಿಲ್ಲ. ಆದರೂ ಬೆಳಗ್ಗೆ ನೀವು ಏಳುವ ಮೊದಲೇ ಅವಳನ್ನು ಕರೆದುಕೊಂಡು ಬಸ್ಸು ಹತ್ತುತ್ತೇನೆ. ನಾಳೆಗೆ ನಿಮ್ಮ ಮಿತ್ರಮಂಡಳಿಗೆ ಬುತ್ತಿ ಕಟ್ಟಿಲ್ಲ. ಬ್ರೆಡ್ಡು ಡಬ್ಬಿಯಲ್ಲಿದೆ, ಬೆಣ್ಣೆ ಹಚ್ಚಲು ನಿಮಗೂ ಕೈಗಳಿವೆ. ಒಗೆದ ಬಟ್ಟೆ ಒಣಹಾಕಿ.

ಜಿರಾಫೆಯನ್ನು ನಾನೇ ತೋರಿಸುತ್ತೇನೆ. ನೀವು ಕೊಟ್ಟ ಮಾತು ನೀವು ಉಳಿಸಿಕೊಳ್ಳಲಿಲ್ಲ.