ಸೈಟಿನ ಮೇಲಿನ ಕೆಂಪು ಗೆರೆ

ಉತ್ತರಹಳ್ಳಿ

ಚಿ. ಅರ್ಪಿತಳಿಗೆ ಸೋದರಮಾವನ ಆಶೀರ್ವಾದ.

ಭೂಕಂಪವನ್ನು ಮೂರು ದಿನ ಮೊದಲೇ ಅಂಗಾಲಿನಲ್ಲಿ ತಿಳಿಯಬಲ್ಲವನು ಕರ್ನಾಟಕಕ್ಕೆಲ್ಲ ನಾನೊಬ್ಬನೇ. ಆದರೂ ನಿನ್ನ ಲ್ಯಾಪ್‌ಟಾಪಿನ ನಕ್ಷೆ ನನ್ನ ತಲೆ ಕೆಡಿಸಿದೆ. ನೀನು ಭೂಮಿಯ ಬಿರುಕು ಹುಡುಕುವವಳು. ನಮ್ಮ ಸೈಟಿನ ಮೇಲೆ ಹಾದ ಕೆಂಪು ಗೆರೆ ಬಿರುಕೇ ಇರಬೇಕೆಂದು ಹೆದರಿ, ವಾರದೊಳಗೆ ಸಿಕ್ಕ ರೇಟಿಗೆ ಪಕ್ಕದ ಸೈಟಿನ ನಂದಕುಮಾರನಿಗೆ ಸೈಟನ್ನು ಮಾರಿಬಿಟ್ಟೆ. ನಿನ್ನೆ ಫೋನಿನಲ್ಲಿ ನೀನು, "ಅಯ್ಯೋ ಮಾವ, ಅದು ನಾನು ಕಲ್ಲು ನೋಡ್ಕೊಂಡು ನಡೆದ ದಾರಿ, ಜಿಪಿಎಸ್ ಬರೆದಿದ್ದು! ಬಿರುಕಿದ್ರೆ ಕಪ್ಪು ಗೆರೆ ಹಾಕ್ತೀನಿ" ಎಂದೆ. ನೀನು ನಡೆದದ್ದನ್ನು ನಕ್ಷೆಗೆ ಹೇಳಿದವರು ಯಾರು? ಇನ್ನೂ ಅರ್ಥವಾಗಿಲ್ಲ.

ಭಾನುವಾರ ನೀನು ಬಂದಾಗ ನಿಮ್ಮತ್ತೆ ಕೇಳಿದರೆ ನಕ್ಷೆಯಲ್ಲಿ ಅಲ್ಲೊಂದು ಕಪ್ಪು ಗೆರೆ ಎಳೆದು ತೋರಿಸು, ಚಿಕ್ಕದಾದರೂ ಸಾಕು. ಅವಳಿಗೆ ಎರಡು ಲಕ್ಷ ನಷ್ಟ ಎಂದಿದ್ದೇನೆ. ಹೋದದ್ದು ಹದಿನೆಂಟು.

ಇತಿ ನಿನ್ನ ಮಾವ,
ತಿಮ್ಮರಾಯಪ್ಪ