ನರಕ್ಕೆ ಕರೆಂಟ್ ಕೊಡುತ್ತಾರಂತೆ

ದಾಕ್ಷಾಯಿಣಿ,

ನೀನು ತೀರಿಹೋಗಿ ಆರು ವರ್ಷವಾಯಿತು. ಇವತ್ತು ಸುಮನಾಳನ್ನು ಶಿವಮೊಗ್ಗದ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ನಿನಗಿದ್ದ ಕೀಲುವಾತವೇ ನಮ್ಮ ಮಗಳಿಗೂ ಬಂದಿದೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗುವುದಿಲ್ಲ. ಶಾಲೆಯಲ್ಲಿ ಪಾಠ ಹೇಳಲು ಸೀಮೆಸುಣ್ಣ ಹಿಡಿಯುವುದೂ ಕಷ್ಟ. ಎರಡು ವರ್ಷದಿಂದ ಯಾವ ಮಾತ್ರೆ, ಇಂಜೆಕ್ಷನ್ನೂ ಹಿಡಿಸಿಲ್ಲ.

ಕತ್ತಿನೊಳಗೆ ಪುಟ್ಟ ಯಂತ್ರ ಕೂರಿಸಿ, ಅಲ್ಲಿನ ನರಕ್ಕೆ ದಿನಕ್ಕೊಮ್ಮೆ ಸಣ್ಣಗೆ ಕರೆಂಟ್ ಕೊಟ್ಟು ಕೀಲಿನ ಊತ ಇಳಿಸುವ ಚಿಕಿತ್ಸೆ ಅಮೆರಿಕದಲ್ಲಿ ಬಂದಿದೆಯಂತೆ.

"ನಮ್ಮಲ್ಲಿಗೆ ಇನ್ನೂ ಬಂದಿಲ್ಲ. ಬಂದ್ರೂ ಎಲ್ಲರಿಗೂ ಗುಣವಾಗುತ್ತೆ ಅನ್ನೋಕಾಗಲ್ಲ," ಎಂದ ಡಾಕ್ಟರು, "ಇವರ ತಾಯಿಗೆ ಏನು ಚಿಕಿತ್ಸೆ ಕೊಡಿಸಿದ್ರಿ?" ಎಂದು ನನ್ನನ್ನು ಕೇಳಿದರು.

ಸುಮನಾಳೇ ಹೇಳಿದಳು, "ನೀಲಗಿರಿ ಎಣ್ಣೆ ಹಚ್ಕೊತಿದ್ರು ಸಾರ್."

"ಎಷ್ಟು ವರ್ಷ?"

"ಹನ್ನೊಂದು."

ಡಾಕ್ಟರು ಅದನ್ನೂ ಬರೆದುಕೊಂಡರು.

ಬಸ್ಸು ತರೀಕೆರೆ ಬಿಟ್ಟ ಮೇಲೆ ಸುಮನಾ ಕೇಳಿದಳು, "ಅಪ್ಪಾಜಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಅಮ್ಮ ಒಂದಿನಾನೂ ಕೇಳ್ಲಿಲ್ವಾ?"

"ಇಲ್ಲ ಕಣವ್ವ," ಎಂದುಬಿಟ್ಟೆ.

ಅವಳಿಗೆ ನಿನ್ನ ಮೇಲೇ ಸಿಟ್ಟು ಬಂತು. "ಬಾಯ್ಬಿಟ್ಟು ಹೇಳೋಕೇನಾಗಿತ್ತು ಅಮ್ಮಂಗೆ?" ಎಂದು ಅತ್ತಳು.

ಒಂದು ವರ್ಷ ಯುಗಾದಿಯ ಮರುದಿನ ನೀನು ಒಳ್ಳೆಯ ಸೀರೆ ಉಟ್ಟು, ಕಡೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಕೇಳಿ, ಮಧ್ಯಾಹ್ನದವರೆಗೂ ಬಾಗಿಲಲ್ಲಿ ನನಗಾಗಿ ಕಾದಿದ್ದು, ನಾನು ಬಾರದೇ ಹೋದದ್ದು ಅವಳಿಗೆ ಗೊತ್ತಿಲ್ಲ. ಅಜ್ಜಂಪುರ ಬಂತು, ಇಳಿದೆವು. ನಾನು ಹೇಳಲಿಲ್ಲ.