ಖಾಲಿ ಬಿಟ್ಟ ನಾಲ್ಕು

ಯಂತ್ರದ ಕೋಣೆಯ ಪಕ್ಕದ ಊಟದ ಮನೆ,
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಕ್ಕಾ,

ನಾನು ಶಾಲೆ ಬಿಟ್ಟದ್ದು ಗಣಿತ ತಲೆಗೆ ಹತ್ತದೆ ಅಲ್ಲ. ಇಷ್ಟು ವರ್ಷ ನಿಮಗೆಲ್ಲ ಹಾಗೇ ಹೇಳಿಕೊಂಡು ಬಂದೆ. ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ಹೆಡ್‌ಮೇಷ್ಟ್ರು ಒಂದು ಕ್ಷಣ ಬಾಗಿಲ ಕಡೆ ನೋಡುತ್ತಿದ್ದರು. ಅದೇ ಹೆಸರಿನ ಅಣ್ಣ ಅದೇ ಕೋಣೆಯಲ್ಲಿ ಕೂತು ಓದಿದವನು, ನಾನು ಹುಟ್ಟುವ ಮುಂಚೆಯೇ ಹೋದವನು. ನಾನು "ಇದ್ದೀನಿ ಸಾರ್" ಅಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಒಂದು ದಿನ ಓಗೊಡಲಿಲ್ಲ. ಮಾರನೇ ದಿನದಿಂದ ಹೋಗಲೂ ಇಲ್ಲ.

ಇರಲಿ. ನಿನ್ನ ಸೊಂಟದ ನೋವು ಕಡಿಮೆಯಾಯಿತೇ? ಭಾವ ಕೂಸನ್ನು ಎತ್ತಿಕೊಳ್ಳಲು ಕಲಿತರೋ, ಇಲ್ಲ ಇನ್ನೂ ಗಾಜಿನ ಸಾಮಾನು ಹಿಡಿದವರ ಹಾಗೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೋ? ತೀರಿಹೋದ ಮೊದಲ ಪುಟ್ಟಿಯ ಹೆಸರನ್ನೇ ಇವಳಿಗೂ ಇಡುತ್ತೇವೆ, ಶುಕ್ರವಾರ ಕಚೇರಿಯಲ್ಲಿ ಬರೆಸುವಾಗ ನೀನೂ ಬಾ ಅಂತ ಬರೆದಿದ್ದೆಯಲ್ಲ. ಆ ಕಾಗದ ಬಂದ ವಾರವೇ ನಾನಿಲ್ಲಿ ಒಂದು ಎಡವಟ್ಟು ಮಾಡಿದೆ.

ನನ್ನ ಕೆಲಸ ನಿನಗೆ ಗೊತ್ತಲ್ಲ, ಬೀರುವಿನಷ್ಟೆತ್ತರದ ಮೇನ್‌ಫ್ರೇಮ್ ಕಂಪ್ಯೂಟರುಗಳಿಗೆ ಹೆಸರಿನ ಚೀಟಿ ಅಂಟಿಸುವುದು, ಪಟ್ಟಿ ಬರೆಯುವುದು. ಮೊದಲ ಅಕ್ಷರ ಕಟ್ಟಡದ್ದು, ಎರಡನೆಯದು ಕೆಲಸದ್ದು, ಕೊನೆಗೆ ನಂಬರು. ಮುದ್ದಿನ ಹೆಸರಿಡಬಾರದು, ಇಟ್ಟರೆ ಕೆಟ್ಟಾಗ ಬಯ್ಯಲು ಮನಸ್ಸು ಬರೋದಿಲ್ಲ ಅನ್ನುತ್ತಾಳೆ ನಮ್ಮ ಮೇಲ್ವಿಚಾರಕಿ. ಆ ತಣ್ಣನೆ ಕೋಣೆಯಲ್ಲಿ ಸದಾ ಶಾಲು ಹೊದ್ದಿರುವ ಅವಳಿಗೆ ನಾವು ಮಾತ್ರ ಚಳಿಯಮ್ಮ ಅಂತ ಇಟ್ಟಿದ್ದೇವೆ. ಸಾಲಿನಲ್ಲಿ ಮೂರಾದ ಮೇಲೆ ಐದು, ನಾಲ್ಕು ಇರಲಿಲ್ಲ. ಹೊಸ ಯಂತ್ರ ಬಂತು. ಜಾಗ ಸುಮ್ಮನೆ ಹಾಳಾಗುತ್ತಿದೆಯಲ್ಲ ಅಂತ, ಯಾರನ್ನೂ ಕೇಳದೆ ಅದಕ್ಕೆ ನಾಲ್ಕು ಕೊಟ್ಟೆ.

ಯಾರೋ ಯಾವ ಕಾಲದಲ್ಲೋ ಬರೆದಿಟ್ಟ ಪ್ರೋಗ್ರಾಮೊಂದು ವರ್ಷಕ್ಕೊಮ್ಮೆ ತಾನಾಗಿ ಎದ್ದು ನಾಲ್ಕನ್ನು ಕರೆಯುತ್ತದಂತೆ. ಯಾರೂ ಸಿಗದೆ ಸುಮ್ಮನಾಗುತ್ತಿತ್ತು. ಈ ಸಲ ನನ್ನ ನಾಲ್ಕು ಓಗೊಟ್ಟು, ಅದು ಕೊಟ್ಟ ಹಳೆಯ ಪಟ್ಟಿಯನ್ನು ತೆಗೆದುಕೊಂಡಿತು. ಆರುನೂರು ಜನರ ಈಗಿನ ವಿಳಾಸದ ಮೇಲೆ ಹಳೆಯ ವಿಳಾಸ ಬಂದು ಕೂತಿತು. ಅಂಟಿಸಿದವನು ನಾನೇ ಅಂತ ತಕ್ಷಣ ಒಪ್ಪಿಕೊಂಡೆ. ಸರಿಮಾಡಲು ಎರಡು ದಿನ ಬೇಕಾಯಿತು. ಚಳಿಯಮ್ಮ ಬಯ್ಯಲೇ ಇಲ್ಲ. "ಹಳೇ ನಾಲ್ಕು ಕೆಟ್ಟು ಹೋಗಿ ಹನ್ನೊಂದು ವರ್ಷ ಆಯ್ತು ಕಣೋ, ಕರೆಯೋರು ಇನ್ನೂ ಇದ್ದಾರೆ. ಈ ಹೊಸದೇನು ಮಾಡೀತು ಪಾಪ, ಹೆಸರು ಕೇಳಿಸ್ತು, ಹೂಂ ಅಂತು" ಅಂದಳು. ಚೀಟಿ ಕಿತ್ತು ಒಂಬತ್ತು ಅಂಟಿಸಿದೆ.

ಭಾವನಿಗೆ ನನ್ನ ನಮಸ್ಕಾರ ಹೇಳು, ಕೂಸಿನ ಅಂಗಾಲಿಗೊಂದು ಮುತ್ತು ಕೊಡು.

ಕಾಲು ನಿಲ್ಲದ ನಿನ್ನ ತಮ್ಮ,
ಬುಗುರಿ

ತಾ.ಕ.: ಮೇಲೆ ಬರೆಯಲು ಮರೆತೆ ಅಂದರೆ ಸುಳ್ಳಾದೀತು, ಧೈರ್ಯ ಬರಲಿಲ್ಲ. ಕೂಸಿಗೆ ಬೇರೆ ಹೆಸರಿಡು ಅಕ್ಕಾ. ಆ ಹೆಸರನ್ನು ನೀನು ಇನ್ನೂ ಕರೆಯುತ್ತೀಯ. ಹೋದ ಸಲ ಬಂದಾಗ ಒಬ್ಬಳೇ ಬಟ್ಟೆ ಮಡಿಸುತ್ತಾ ಕರೆದದ್ದು ಕೇಳಿಸಿಕೊಂಡಿದ್ದೇನೆ. ಇವಳು ಹೂಂ ಅಂತಾಳೆ, ಆಗ ನಿನ್ನ ಮುಖ ನೋಡುತ್ತಾಳೆ. ಎದುರಿಗೆ ನಿಂತರೆ ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಇದನ್ನು ಇವತ್ತಿನ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಬಯ್ಯುವುದಿದ್ದರೆ ಬಾಗಿಲಲ್ಲೇ ಬೈದುಬಿಡು. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.